ದರಪಟ್ಟಿಯ ಬೆಲೆ, ಕೈಸೇರುವ ಬೆಲೆ

2021ನೆಯ ಇಸವಿಯ ಒಂದು ಸಣ್ಣ ಸಂಗತಿಯಿಂದ ಮಾತನ್ನು ಆರಂಭಿಸಲು ಅಪ್ಪಣೆ ಕೊಡಬೇಕು. ಗುರುಮಠಕಲ್ ಸಮೀಪದ ಹಳ್ಳಿಯ ರೈತರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ತೊಗರಿ ಮಾರಿದ ಹಣದಲ್ಲಿ ಮಗನಿಗೆ ಒಂದು ಸೈಕಲ್ ಮೋಟಾರು ಕೊಡಿಸಬೇಕೆಂದು ನಿಶ್ಚಯಿಸಿದರು. (ಮೋಟಾರು ಸೈಕಲ್ಲನ್ನು ನಮ್ಮ ಸೀಮೆಯಲ್ಲಿ ಹೀಗೆ ಹಿಂದುಮುಂದಾಗಿಸಿ ಕರೆಯುವುದು ವಾಡಿಕೆ, ಅದರಿಂದ ಗಾಡಿಯ ಓಟಕ್ಕೇನೂ ಕುಂದಿಲ್ಲ.) ಸಂಕ್ರಾಂತಿಯ ಹೊತ್ತಿಗೆ ಅಂಗಡಿಯಲ್ಲಿ ಕೇಳಿದಾಗ ಒಂದು ಭಾವ. ಕೊರತೆ ಬಿದ್ದ ಹಣವನ್ನು ಕೂಡಿಸಿಕೊಂಡು ಯುಗಾದಿಗೆ ಹೋದಾಗ ಇನ್ನೊಂದು. ಮಳೆಗಾಲದಲ್ಲಿ ಮತ್ತೆ ಹೋದಾಗ ಮೂರನೆಯದು. ಅವರು ನನ್ನ ಬಳಿಗೆ ಬಂದು ಕುಳಿತು, "ಸರ, ಹಿಂದಿನ ಕಾಲದಾಗ ಹಿಂಗಿರಲಿಲ್ಲ ಅಲ್ಲೇನು? ಒಂದು ರೇಟು ಅಂದ್ರ ಒಂದೇ ರೇಟು" ಎಂದರು.

ಹೌದೆಂದು ಹೇಳಿ ಚಹಾ ಕೊಟ್ಟು ಕಳುಹಿಸಬಹುದಾಗಿತ್ತು. ಆದರೆ ಹೌದೆನ್ನಲು ಮನಸ್ಸು ಒಪ್ಪಲಿಲ್ಲ. ಅಂದು ಅವರಿಗೆ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಕನ್ನಡ ಪಂಡಿತನ ಚಾಳಿ ಬಿಡುವುದಿಲ್ಲವಾದ್ದರಿಂದ ಮೊದಲು ಒಂದು ಶಬ್ದವಿಚಾರ. ನಮ್ಮ 'ಬೆಲೆ', ತಮಿಳಿನ 'ವಿಲೈ' ಇವೆರಡೂ ಒಂದೇ ಬೇರಿನವು. ಹಳಗನ್ನಡದಲ್ಲಿ ಕೊಂಡುಕೊಳ್ಳುವುದಕ್ಕೆ 'ಬಿಲಿ' ಎಂಬ ಧಾತುವಿದೆ. ಎಂದರೆ ಕೊಟ್ಟು ಕೊಳ್ಳುವ ವ್ಯವಹಾರ ನಡೆದಾಗ ಹುಟ್ಟುವುದು ಬೆಲೆ. ಸರಕೇ ಇಲ್ಲದ ಅಂಗಡಿಯ ಗೋಡೆಯ ಮೇಲೆ ಬರೆದು ತೂಗುಹಾಕಿದ ಅಂಕಿಯನ್ನು ಏನೆಂದು ಕರೆಯಬೇಕೆಂಬುದನ್ನು ನಮ್ಮ ವೈಯಾಕರಣರು ಹೇಳಿಲ್ಲ. ಅವರ ಕಾಲದಲ್ಲಿ ಕಂಟ್ರೋಲು ಇರಲಿಲ್ಲವಷ್ಟೆ.

ಗುರುಮಠಕಲ್ ಎಲ್ಲಿದೆಯೆಂಬುದನ್ನು ದೂರದ ಊರಿನ ವಾಚಕರಿಗೆ ತಿಳಿಸಬೇಕು. ಯಾದಗಿರಿಯಿಂದ ಮೂಡಣಕ್ಕೆ ಹೊರಟರೆ, ತೆಲಂಗಾಣದ ನಾರಾಯಣಪೇಟೆ ಇನ್ನೂ ಬರುವ ಮೊದಲೇ ಸಿಗುವ ಗಡಿಯ ಊರು. ಮುಂಬಯಿ ಮದರಾಸುಗಳನ್ನು ಜೋಡಿಸುವ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಾಗ ಯಾದಗಿರಿಗೆ ರೈಲು ದಕ್ಕಿತು. ನಮಗೆ ಬಂಡಿಯ ದಾರಿಯೇ ಉಳಿಯಿತು. ಆಗ ಇದೆಲ್ಲ ನಿಜಾಮರ ಹೈದರಾಬಾದು ಸಂಸ್ಥಾನ, ಗುಲಬರ್ಗಾ ಜಿಲ್ಲೆ. ವ್ಯವಹಾರ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿಯಲ್ಲಿ. ಬ್ರಿಟಿಷ್ ಇಂಡಿಯಾದ 6 ರೂಪಾಯಿಗೆ ಹಾಲಿ ಸಿಕ್ಕಾದ ಸುಮಾರು 7 ರೂಪಾಯಿ ತೆರಬೇಕಾಗಿತ್ತು. ಸಮುದ್ರದಾಚೆಯಿಂದ ಮುಂಬಯಿಗೋ ಮದರಾಸಿಗೋ ಬಂದಿಳಿದ ಮೋಟಾರು ನಮ್ಮ ಕಡೆಗೆ ತಲಪುವಷ್ಟರಲ್ಲಿ ಹಡಗಿನ ಕೂಲಿ, ಸುಂಕ, ರೈಲಿನ ಸಾಗಾಣಿಕೆ, ಮೇಲೆ ನಾಣ್ಯದ ವಟ್ಟ, ಇಷ್ಟೂ ಅದರ ಬೆನ್ನೇರಿ ಕುಳಿತಿರುತ್ತಿದ್ದುವು. ಕೊಳ್ಳುವವರಾದರೂ ಯಾರು? ದೇಶಮುಖರು, ಸಾಹುಕಾರರು, ಮೇಲಿನ ಅಧಿಕಾರಿಗಳು. ಮಿಕ್ಕವರಿಗೆ ಮೋಟಾರೆಂದರೆ ಬಸ್ಸು.

ಆ ಬಸ್ಸನ್ನು ಸಂಸ್ಥಾನವೇ ಓಡಿಸುತ್ತಿತ್ತೆಂಬುದು ಗಮನಾರ್ಹ. 1932ರ ಜೂನಿನಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಆರಂಭವಾದಾಗ ಅದರಲ್ಲಿದ್ದುದು 27 ಬಸ್ಸುಗಳು, 166 ಮಂದಿ ನೌಕರರು. ಬ್ರಿಟನ್ನಿನ ಆಲ್ಬಿಯನ್ ಕಂಪನಿಯ ಗಾಡಿಗಳು ಅವುಗಳಲ್ಲಿ ಪ್ರಸಿದ್ಧವಾದುವು. ಇಂಜಿನು, ಚೌಕಟ್ಟು, ಟೈರು ಎಲ್ಲವೂ ಹೊರಗಿನಿಂದಲೇ ಬರಬೇಕು. ಬರುತ್ತಿರುವ ತನಕ ಚಿಂತೆಯಿರಲಿಲ್ಲ.

1939ರಲ್ಲಿ ಯುದ್ಧ ಬಂತು. ಮುಂಬಯಿ, ಕಲಕತ್ತ, ಮದರಾಸುಗಳಲ್ಲಿ ವಿದೇಶೀ ಬಿಡಿಭಾಗಗಳನ್ನು ಜೋಡಿಸಿ ಮೋಟಾರು ಮಾಡುತ್ತಿದ್ದ ಅಮೆರಿಕದ ಕಂಪನಿಗಳು ಸೈನ್ಯದ ಲಾರಿಗಳಿಗೆ ತಿರುಗಿದುವು. 1941ರಲ್ಲಿ ಪೆಟ್ರೋಲಿಗೆ ಪಡಿತರ ಬಂತು. 1942ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿಯೇ ನಾಗರಿಕರಿಗಾಗಿ ಕಾರು ತಯಾರಿಸುವುದು ನಿಂತುಹೋಯಿತು. ಅದೇ ತಿಂಗಳು ಸಿಂಗಾಪುರ ಜಪಾನೀಯರ ವಶವಾಗಿ ಮಲಯದ ರಬ್ಬರು ಕೈಬಿಟ್ಟಿತು. ಟೈರು ಎಂಬುದು ಒಡವೆಯಷ್ಟು ಅಮೂಲ್ಯವಾಯಿತು. ದೇಶದ ಸಗಟು ಬೆಲೆಗಳು ಯುದ್ಧ ಮುಗಿಯುವುದರೊಳಗೆ ಎರಡು ಪಟ್ಟನ್ನು ಮೀರಿ ಏರಿದ್ದುವು. ಆದರೆ ಹೊಸ ಮೋಟಾರಿಗೆ ಎಷ್ಟು ಏರಿತೆಂದು ಕೇಳಿದರೆ ಉತ್ತರವೇ ಇಲ್ಲ, ಏಕೆಂದರೆ ಹೊಸ ಮೋಟಾರೇ ಇರಲಿಲ್ಲ. ಓಡಿ ಸವೆದ ಗಾಡಿಗೆ ಹೊಸತರ ಬೆಲೆಯನ್ನು ಮೀರಿದ ಬೆಲೆ. ಯುದ್ಧಾನಂತರ 1946ರಲ್ಲಿ ಅಮೆರಿಕದಲ್ಲಿಯೂ ಇದೇ ಕಥೆ: ಸರ್ಕಾರ ಹೊಸ ಕಾರಿಗೆ ಗರಿಷ್ಠ ದರ ಗೊತ್ತುಮಾಡಿತ್ತು, ಕಾರು ಸಿಗುತ್ತಿರಲಿಲ್ಲ, ಸಿಕ್ಕಿದರೆ ಮೇಜಿನ ಕೆಳಗೆ ಬೇರೆ ಹಣ ಕೊಡಬೇಕಾಗಿತ್ತು. ಸಂಪತ್ತಿನ ದೇಶವೆಂದು ನಾವು ಹೊಗಳುವ ನಾಡೂ ಈ ರೋಗದಿಂದ ಮುಕ್ತವಾಗಿರಲಿಲ್ಲವೆಂಬುದನ್ನು ತಾವು ನೆನಪಿಟ್ಟುಕೊಳ್ಳಬೇಕು.

ಆ ಕಾಲದ ಇದ್ದಲು ಬಸ್ಸನ್ನು ನೋಡಿದ್ದ ಹಿರಿಯರ ಬಾಯಿಂದ ನಾನು ಕೇಳಿದ್ದೇನೆ. ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ಒಂದು ಪೀಪಾಯಿ. ಅದರಲ್ಲಿ ಇದ್ದಲನ್ನು ಸಾಕಷ್ಟು ಗಾಳಿ ಕೊಡದೆ ಅರೆಬರೆಯಾಗಿ ಉರಿಸಿದರೆ ಬರುವ ಅನಿಲವನ್ನು ಸೋಸಿ ಇಂಜಿನಿಗೆ ಕೊಡುತ್ತಿದ್ದರು. ಬೆಳಗಿನ ಬಸ್ಸು ಹೊರಡಬೇಕಾದರೆ ನಸುಕಿನಲ್ಲಿಯೇ ಒಬ್ಬ ಕುಳಿತು ತಿದಿಯೊತ್ತಬೇಕು. ಸಮನೆಲದಲ್ಲಿ ಹೇಗೋ ಸಾಗೀತು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಟಿಕೀಟಿನ ಹಣ ಕೊಟ್ಟೂ ನೂಕುವ ಶ್ರಮಕ್ಕೆ ಯಾವ ದರಪಟ್ಟಿಯಲ್ಲಿಯೂ ಲೆಕ್ಕವಿಲ್ಲ. ಎತ್ತಿನ ಬಂಡಿಗೆ ಮತ್ತೆ ಮರ್ಯಾದೆ ಬಂತು.

ಉಳಿದ ಭಾರತಕ್ಕೆ 1945ರಲ್ಲಿ ಯುದ್ಧ ಮುಗಿಯಿತು. ನಮ್ಮ ಸಂಸ್ಥಾನಕ್ಕೆ ಕೊರತೆ ಮುಗಿಯಲಿಲ್ಲ. 1947ರ ನವೆಂಬರಿನ ಯಥಾಸ್ಥಿತಿ ಒಪ್ಪಂದದ ಬಳಿಕ ಭಾರತ ಸರ್ಕಾರಕ್ಕೂ ನಿಜಾಮರಿಗೂ ವಿರಸ ಬೆಳೆದು, 1948ರಲ್ಲಿ ಸುತ್ತಲಿನ ಪ್ರಾಂತಗಳಿಂದ ಸಾಮಾನು ಬರುವುದಕ್ಕೆ ತಡೆಯಾಯಿತು. ತಡೆಗೆ ಸಿಕ್ಕಿದವುಗಳಲ್ಲಿ ಪೆಟ್ರೋಲೂ ಒಂದು. ಹಳೆಯ ಗಾಡಿಗಳ ಅಂಗಾಂಗಗಳನ್ನು ಕಿತ್ತು ಇನ್ನೊಂದಕ್ಕೆ ಹಾಕುವ ವಿದ್ಯೆಯಲ್ಲಿ ಹೈದರಾಬಾದಿನ ಮೇಸ್ತ್ರಿಗಳಿಗೆ ಬಂದ ಹೆಸರು ಇಂತಹ ಕಾಲಗಳದೇ ಕೊಡುಗೆ ಎಂದು ನನ್ನ ಊಹೆ. ಆ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಸಂಗತಿ ಸರ್ವವಿದಿತ, ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಇಷ್ಟೆಲ್ಲ ಪರಾವಲಂಬನ ಏಕೆ, ನಮ್ಮಲ್ಲಿಯೇ ಮೋಟಾರು ಮಾಡಬಹುದಾಗಿರಲಿಲ್ಲವೆ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕನ್ನಡಿಗರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿ ತಂದಿದ್ದರು. ಉದ್ಯಮಿ ವಾಲಚಂದ ಹಿರಾಚಂದರು ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರ್ಖಾನೆ ಹೂಡಲು ಮೈಸೂರು ಸಂಸ್ಥಾನ ನೆರವಾಗಲು ಸಿದ್ಧವಿತ್ತು, ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಮಾತುಕತೆಯೂ ನಡೆದಿತ್ತು. ಬ್ರಿಟಿಷ್ ಸರ್ಕಾರ ಅಡ್ಡ ಬಂತು. ಯುದ್ಧಕಾಲದಲ್ಲಿ ಇದಕ್ಕೆ ಪ್ರೋತ್ಸಾಹ ಸಿಗದೆಹೋಯಿತು. ವಾಲಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಹೂಡಿದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಬೆಂಗಳೂರಿಗೆ ವಿಮಾನ ಬಂತು, ಮೋಟಾರು ಕೈತಪ್ಪಿತು. ಹತ್ತು ವರ್ಷ ಮೊದಲೇ ಕಾರ್ಖಾನೆ ಎದ್ದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೆಂದು ಹೇಳುವ ಆಸೆ ನನಗಿದೆ. ಆದರೆ ಸ್ವಾತಂತ್ರ್ಯಾನಂತರ ಕಾರ್ಖಾನೆಗಳು ಇದ್ದೂ ಗಾಡಿ ಸಿಗದೆಹೋದದ್ದನ್ನು ಕಂಡ ಮೇಲೆ ಆ ಆಸೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಅದು ಹೇಗಾಯಿತೆಂದರೆ: 1949ರಲ್ಲಿ ಪೂರ್ತಿ ಸಿದ್ಧವಾದ ಕಾರುಗಳ ಆಮದು ನಿಂತಿತು. ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿರಬೇಕೆಂದು 1953ರಲ್ಲಿ ಸರ್ಕಾರ ವಿಧಿಸಿತು. ಮರುವರ್ಷ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಇಲ್ಲಿನ ಜೋಡಣೆಯನ್ನು ಮುಚ್ಚಿದುವು. ಉಳಿದುವು ಮುಖ್ಯವಾಗಿ ಮೂರು ಕಾರುಗಳು: ಉತ್ತರಪಾರದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. 1951ರ ಕೈಗಾರಿಕಾ ಕಾಯಿದೆಯಂತೆ ಯಾವ ಕಾರ್ಖಾನೆ ಎಷ್ಟು ತಯಾರಿಸಬಹುದೆಂಬುದಕ್ಕೂ ಪರವಾನಗಿ. 1957ರ ಸುಮಾರಿನಲ್ಲಿ ವಿದೇಶೀ ವಿನಿಮಯ ಬರಿದಾಗತೊಡಗಿತು. ಹೊರಗಿನಿಂದ ಬರಲೇಬೇಕಾದ ಭಾಗಗಳಿಗೆ ಕತ್ತರಿ ಬಿತ್ತು. 1966ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾಗಿ 4 ರೂಪಾಯಿ 76 ಪೈಸೆಯ ಡಾಲರು 7 ರೂಪಾಯಿ 50 ಪೈಸೆಯಾದಾಗ ಆ ಭಾಗಗಳ ಬೆಲೆಯೂ ಏರಿತು. ಅತ್ತ ಬೇಡಿಕೆ ಮಾತ್ರ ಬೆಳೆಯುತ್ತಲೇ ಇತ್ತು.

ಸರಕು ಕಡಿಮೆ, ಕೈಗಳು ಹೆಚ್ಚು. ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ಸರದಿ. 1959ರಲ್ಲಿ ಕಾರುಗಳ ಹಂಚಿಕೆ ಮತ್ತು ಮಾರಾಟದ ನಿಯಂತ್ರಣಾಜ್ಞೆ ಹೊರಟಿತು, 1960ರಲ್ಲಿ ಸ್ಕೂಟರುಗಳಿಗೂ ಅಂತಹುದೇ ಆಜ್ಞೆ. ವ್ಯಾಪಾರಿಯ ಬಳಿ ಹೆಸರು ಬರೆಸಬೇಕು, ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಠೇವಣಿಯಿಟ್ಟು ಅದನ್ನು ಒತ್ತೆ ಬರೆದುಕೊಡಬೇಕು, ಸರದಿ ಬಂದಾಗ ಗಾಡಿ. ಕೊಂಡವನು ಎರಡು ವರ್ಷದೊಳಗೆ ಅಪ್ಪಣೆಯಿಲ್ಲದೆ ಮಾರಕೂಡದು. ಸರ್ಕಾರಿ ಕೆಲಸದವರಿಗೆ ಪ್ರತ್ಯೇಕ ಪಾಲು. ಮುಂದೆ ವಿದೇಶೀ ಹಣ ತಂದವರಿಗೆ ಸರದಿಯಿಲ್ಲದೆ ಸ್ಕೂಟರು. ಆಜ್ಞೆಯ ಉದ್ದೇಶ ಸಾಧುವಾದದ್ದೇ. ಆದರೆ ಆ ಎರಡು ವರ್ಷದ ನಿಯಮವನ್ನು ಓದಿದ ಕೂಡಲೆ ಒಂದು ಮಾತು ಹೊಳೆಯುತ್ತದೆ: ಕೊಂಡ ಮರುದಿನ ಮಾರಿದರೆ ಲಾಭ ಬರುವುದಿಲ್ಲವಾಗಿದ್ದರೆ ಹಾಗೆ ಮಾರಬಾರದೆಂದು ಯಾರಾದರೂ ಕಾನೂನು ಮಾಡುತ್ತಾರೆಯೆ? ಹೆಸರಿಗೊಬ್ಬ, ಹತ್ತುವವನು ಇನ್ನೊಬ್ಬ, ನಡುವೆ ಒಂದು ಮುಖ್ತಿಯಾರ ಪತ್ರ ಎಂಬ ಪದ್ಧತಿ ಊರೂರಿಗೂ ಹಬ್ಬಿತು. ಗಾಡಿಗಿಂತ ಮೊದಲು ಚೀಟಿಯೇ ಮಾರಾಟವಾಗತೊಡಗಿತು. ಕಾಳಸಂತೆಯಲ್ಲಿ ಆ ಹೆಚ್ಚಿನ ಹಣಕ್ಕೆ 'ಆನ್' ಎಂದು ಹೆಸರು. ಎಷ್ಟು 'ಆನ್' ಎಂಬುದನ್ನು ಬೆಳೆಗಳ ಧಾರಣೆಯಂತೆ ಜನ ಸಹಜವಾಗಿ ಮಾತನಾಡಿಕೊಳ್ಳುತ್ತಿದ್ದರು.

ಗುರುಮಠಕಲ್ಲಿನಂತಹ ಊರಿಗೆ ಇದರ ಮೇಲೆ ಇನ್ನೊಂದು ಪೆಟ್ಟು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಗುಲಬರ್ಗಾ ಜಿಲ್ಲೆಯದೇ ಆಗಿದ್ದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಕನ್ನಡಿಗನಾದ ನನಗೆ ಏಕೀಕರಣದ ಬಗ್ಗೆ ಎರಡನೆಯ ಮಾತಿಲ್ಲ. ಆದರೆ ನೂರಾರು ವರ್ಷ ಯಾವ ಊರಿನ ಪೇಟೆಯನ್ನು ನಂಬಿದ್ದೆವೋ ಆ ಹೈದರಾಬಾದು ಹೊರರಾಜ್ಯವಾಯಿತು. ಬೆಂಗಳೂರು ದೂರವಾಗಿಯೇ ಉಳಿಯಿತು. ಗಾಡಿ ಹಂಚುವ ವ್ಯಾಪಾರಿ ಇದ್ದುದು ದೊಡ್ಡ ಊರಿನಲ್ಲಿ. ಹೆಸರು ಬರೆಸಲು ಒಮ್ಮೆ, ಸರದಿ ಎಲ್ಲಿಗೆ ಬಂತೆಂದು ಕೇಳಲು ಹತ್ತು ಸಲ ಬಸ್ಸು, ರೈಲು. ಆ ಊರಿನಲ್ಲಿಯೇ ಇರುವವನು ಸಂಜೆ ಅಡ್ಡಾಡುತ್ತಾ ಅಂಗಡಿಯ ಗುಮಾಸ್ತನ ಜೊತೆ ಎಲೆ ಅಡಿಕೆ ಹಾಕಿಕೊಂಡು ವಿಚಾರಿಸುತ್ತಿದ್ದ. ಎಲೆ ಅಡಿಕೆಯ ಪ್ರಭಾವ ಸಣ್ಣದಲ್ಲ, ಸ್ವಾಮಿ.

ಇಲ್ಲಿಯ ತನಕ ನಿಯಂತ್ರಣದ ಮುಖ್ಯ ಹಿಡಿತ ಹಂಚಿಕೆಯ ಮೇಲೆ. 1969ರ ಸೆಪ್ಟೆಂಬರಿನಲ್ಲಿ ಸರ್ಕಾರ ಹೊಸ ಆಜ್ಞೆ ಹೊರಡಿಸಿ ಮೂರು ಕಾರುಗಳ ಕಾರ್ಖಾನೆ ಬೆಲೆಯನ್ನೇ ಗೊತ್ತುಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದುವು. ಉಕ್ಕು, ಟೈರು, ಕೂಲಿ ಎಲ್ಲದರ ಬೆಲೆ ಏರುತ್ತಿರುವಾಗ ನಮ್ಮ ಬೆಲೆಯನ್ನು ಮಾತ್ರ ಕಟ್ಟಿಹಾಕಿದರೆ ಹೇಗೆಂಬುದು ಅವುಗಳ ವಾದ. ನಿವೃತ್ತ ನ್ಯಾಯಮೂರ್ತಿ ಸರ್ಜೂ ಪ್ರಸಾದರ ಅಧ್ಯಕ್ಷತೆಯ ಆಯೋಗ ಕಾರಿನ ಬೆಲೆಯನ್ನು ಪರಿಶೀಲಿಸಿತು. 1971ರ ನವೆಂಬರಿನಲ್ಲಿ ಬಂದ ತೀರ್ಪಿನ ಸಾರವಿಷ್ಟು: ನ್ಯಾಯವಾದ ಬೆಲೆಯೆಂದರೆ ಕೊಳ್ಳುವವನಿಗೂ ಸಲ್ಲಬೇಕು, ತಯಾರಿಸುವವನಿಗೂ ತಕ್ಕ ಲಾಭ ಉಳಿಯಬೇಕು; ಖರ್ಚು ಏರಿದಂತೆ ಬೆಲೆಯನ್ನು ಕಾಲಕಾಲಕ್ಕೆ ತಿದ್ದಬೇಕು. ನ್ಯಾಯಾಲಯದಲ್ಲಿ ಇಷ್ಟೆಲ್ಲ ಸೂಕ್ಷ್ಮವಾಗಿ ತೂಗಿದ್ದು ಕಾರ್ಖಾನೆಯ ಬಾಗಿಲಿನ ಬೆಲೆಯನ್ನು. ಅಲ್ಲಿಂದ ಹೊರಬಿದ್ದ ಕಾರು ಚೀಟಿ ಮಾರುವವನ ಕೈಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತೆಂಬುದು ಆ ತಕ್ಕಡಿಯಲ್ಲಿ ಕೂರುವ ವಸ್ತುವಾಗಿರಲಿಲ್ಲ. ಕಂಪನಿಗೂ ಆ ಹಣ ಸೇರಲಿಲ್ಲ, ಕಂಪನಿ ಅದರಿಂದ ಇನ್ನೊಂದು ಯಂತ್ರ ತರಿಸಿ ಹೆಚ್ಚು ಕಾರು ಮಾಡಲೂ ಇಲ್ಲ. ನಡುವಿನವನ ಮನೆಯ ಮೇಲೆ ಒಂದು ಮಹಡಿ ಎದ್ದಿತು, ಅಷ್ಟೆ.

ಬಳಿಕ ಬಂದುವು ಕಠಿಣ ವರ್ಷಗಳು. ಡೆಕ್ಕನ್ನಿನಲ್ಲಿ 1972ರ ಬರಗಾಲ. 1973ರ ಅಕ್ಟೋಬರಿನ ಅರಬ್ಬೀ ಯುದ್ಧದ ತರುವಾಯ ಕಲ್ಲೆಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು. ಸಗಟು ಬೆಲೆಗಳು 1973-74ರಲ್ಲಿ ನೂರಕ್ಕೆ 20ರಷ್ಟು, 1974-75ರಲ್ಲಿ ನೂರಕ್ಕೆ 25ರಷ್ಟು ಏರಿದುವು. ಪೆಟ್ರೋಲು ಇಷ್ಟು ತುಟ್ಟಿಯಾದಾಗ ಕಾರು ಕೊಳ್ಳುವವರೇ ಕಡಿಮೆಯಾದರು. ಕಾರಿನ ಬೆಲೆ ನಿಯಂತ್ರಣ 1975ರಲ್ಲಿ ಹೋಯಿತು. ಸರದಿಯ ಸಂಕಟ ಕಾರನ್ನು ಬಿಟ್ಟು ಸ್ಕೂಟರನ್ನು ಹಿಡಿಯಿತು. ಮಧ್ಯಮ ವರ್ಗದವರೆಲ್ಲ ಅತ್ತ ತಿರುಗಿದ್ದರು.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಗುರುಮಠಕಲ್ಲಿನಿಂದ ಒಂಬತ್ತು ಮೈಲಿ ದೂರದ ಹಳ್ಳಿಗೆ ಸೈಕಲ್ಲಿನ ಮೇಲೆ ಹೋಗಿ ಬರುತ್ತಿದ್ದರು. 1976ರಲ್ಲಿ, ನಾನು ಒಂದನೆಯ ಇಯತ್ತೆಗೆ ಸೇರಿದ ವರ್ಷ, ಅವರು ಸ್ಕೂಟರಿಗೆ ಹೆಸರು ಬರೆಸಿ ಅಂಚೆ ಕಚೇರಿಯಲ್ಲಿ 250 ರೂಪಾಯಿ ಇಟ್ಟರು. ಚೀಟಿಯನ್ನು ಪಂಚಾಂಗದೊಳಗೆ ಮಡಚಿ ಇಡಲಾಯಿತು. ಪ್ರತಿ ಯುಗಾದಿಗೆ ಹಳೆಯ ಪಂಚಾಂಗದಿಂದ ಹೊಸ ಪಂಚಾಂಗಕ್ಕೆ ಅದು ವರ್ಗವಾಗುತ್ತಿತ್ತು. ವರ್ಷಕ್ಕೆರಡು ಸಲ ಅಂಗಡಿಗೆ ಹೋಗಿ ಬಂದು, "ಇನ್ನೂ ಬಂದಿಲ್ಲ" ಎಂದು ಹೇಳಿ ಕಾಲು ತೊಳೆದುಕೊಳ್ಳುತ್ತಿದ್ದರು. ಬೇರೇನೂ ಹೇಳುತ್ತಿರಲಿಲ್ಲ.

ಈ ನಡುವೆ ಕಾಲ ಬದಲಾಯಿತು. 1983ರ ಏಪ್ರಿಲಿನಲ್ಲಿ ಮಾರುತಿ ಕಾರಿಗೆ 10,000 ರೂಪಾಯಿ ಠೇವಣಿ ಕೇಳಿದರು. ಎರಡು ತಿಂಗಳಲ್ಲಿ ಲಕ್ಷಕ್ಕೂ ಮೀರಿದ ಜನ ಕಟ್ಟಿದರು. ಹೊಸ ಕಾರು, ಹೊಸ ಕಂಪನಿ, ಸರದಿ ಮಾತ್ರ ಹಳೆಯದು. ಕೆಲವರು ಕಾರು ಬಂದ ದಿನವೇ ಮಾರಿ ಲಾಭ ಮಾಡಿಕೊಂಡರು. ಆದರೆ ಹೆಚ್ಚು ಗಾಡಿ ತಯಾರಿಸಲು ಅಪ್ಪಣೆ ಸಿಗತೊಡಗಿತು, ಜಪಾನಿನ ಕಂಪನಿಗಳ ಜೊತೆ ಕೂಡಿದ ಮೋಟಾರು ಸೈಕಲ್ಲುಗಳು ಬಂದುವು, 1991ರ ಬಳಿಕ ಪರವಾನಗಿಯ ಕಟ್ಟು ಸಡಿಲಿತು. ಸರದಿ ಕರಗಿತು. 'ಆನ್' ಎಂಬ ಮಾತು ನನ್ನ ಇಂದಿನ ವಿದ್ಯಾರ್ಥಿಗಳಿಗೆ ತಿಳಿಯದು. ವಿವರಿಸಿದರೆ ನಂಬುವುದೂ ಇಲ್ಲ.

ಹಾಗಾದರೆ 2021ರಲ್ಲಿ ಆದದ್ದೇನು? 2020ರ ಏಪ್ರಿಲಿನಿಂದ ಹೊಗೆಯ ಮಿತಿಯ ಹೊಸ ಕಟ್ಟಳೆ ಬಂದು ಇಂಜಿನುಗಳ ತಯಾರಿಕೆಯ ಖರ್ಚು ಹೆಚ್ಚಿತು. ಅದಕ್ಕೂ ಮೊದಲು, 2018ರ ಸೆಪ್ಟೆಂಬರಿನಿಂದ, ಹೊಸ ಮೋಟಾರು ಸೈಕಲ್ಲಿಗೆ ಮೂರನೆಯವರ ಹಾನಿಯ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕಾಗಿತ್ತು. ಕೊರೊನಾ ಕಾಲದ ಏರುಪೇರಿನಲ್ಲಿ ಉಕ್ಕು ತುಟ್ಟಿಯಾಯಿತು. ಬೆರಳುಗುರಿನಷ್ಟು ಚಿಪ್ಪುಗಳು ಪೂರ್ವದೇಶಗಳಿಂದ ಬರುವುದು ತಡವಾಗಿ, ಮಾರುತಿ ಕಂಪನಿಯಂತಹುದೇ 2021ರ ಸೆಪ್ಟೆಂಬರಿನಲ್ಲಿ ತನ್ನ ತಯಾರಿಕೆ ಮಾಮೂಲಿನ ನೂರಕ್ಕೆ 40ರಷ್ಟಕ್ಕೆ ಇಳಿಯಬಹುದೆಂದು ಮೊದಲೇ ಸಾರಿತು. ಹಿಂದೆ ರಬ್ಬರು, ಆಗ ಚಿಪ್ಪು. ಕಾರುಗಳಿಗೆ ಮತ್ತೆ ತಿಂಗಳುಗಟ್ಟಲೆ ಕಾಯುವ ಸ್ಥಿತಿ ಬಂತು. ಮುಖ್ಯವಾದ ವ್ಯತ್ಯಾಸವೆಂದರೆ ದರಪಟ್ಟಿಯನ್ನು ಯಾರೂ ಕಟ್ಟಿಹಾಕಿರಲಿಲ್ಲ. ಆದ್ದರಿಂದ ಏರಿಕೆ ಪಟ್ಟಿಯ ಮೇಲೆಯೇ ಬಹಿರಂಗವಾಗಿ ಬಂತು. ಇಳಿಕೆಯೂ ಹಾಗೆಯೇ ಬಹಿರಂಗವಾಗಿ ಬರುವುದುಂಟು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲೂ 350 ಸಿ.ಸಿ.ವರೆಗಿನ ಮೋಟಾರು ಸೈಕಲ್ಲುಗಳ ಮೇಲೂ ಜಿ.ಎಸ್.ಟಿ. ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಬಹಿರಂಗವಾದ ಮಾತ್ರಕ್ಕೆ ಏರಿಕೆ ಸುಖಕರವೆಂದು ನಾನು ಹೇಳುತ್ತಿಲ್ಲ. ತೊಗರಿಯ ಭಾವವನ್ನು ತಾನು ಏರಿಸಲಾರದ ರೈತನಿಗೆ ಅದು ಅನ್ಯಾಯವಾಗಿ ಕಂಡರೆ ಅವನ ಕಣ್ಣಿನ ದೋಷವಲ್ಲ.

ಆ ದಿನ ನನ್ನ ಮನೆಗೆ ಬಂದ ರೈತರಿಗೆ ಇಷ್ಟು ವಿಸ್ತಾರವಾಗಿ ಹೇಳಲಿಲ್ಲ. ತಂದೆಯವರ ಚೀಟಿಯ ಕಥೆಯನ್ನು ಮಾತ್ರ ಹೇಳಿದೆ. ಅದರ ಉಳಿದ ಭಾಗ ಹೀಗಿದೆ.

1986ರಲ್ಲಿ ಪತ್ರ ಬಂತು, ಹೆಸರು ಬರೆಸಿದ ಹತ್ತನೆಯ ವರ್ಷ. ಬೆಲೆ ಹೆಸರು ಬರೆಸಿದ ದಿನದ್ದಲ್ಲ, ಗಾಡಿ ಕೊಡುವ ದಿನದ್ದು; ಅದು ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಅಂಗಡಿಯವರು ಅದರ ಮೇಲೆ ಸೀಟಿನ ಕವಚ, ಹೆಚ್ಚಿನ ಕನ್ನಡಿ, ಮುಂದಿನ ಬುಟ್ಟಿ ಇವುಗಳನ್ನೂ ತಾವು ಹೇಳಿದ ಬೆಲೆಗೆ ಕೊಳ್ಳಲೇಬೇಕೆಂದರು. ಬಸ್ ನಿಲ್ದಾಣದಲ್ಲಿ ಪರಿಚಯದ ವ್ಯಾಪಾರಿಯೊಬ್ಬರು ತಂದೆಯವರ ಪಕ್ಕ ಕುಳಿತು, ಆ ಪತ್ರವನ್ನು ಕೊಟ್ಟರೆ ಠೇವಣಿಯ ಆರು ಪಟ್ಟು ಹಣವನ್ನು ಅಲ್ಲಿಯೇ ಎಣಿಸುವುದಾಗಿ ಹೇಳಿದರು. ಆಗ ನಮ್ಮ ಅಕ್ಕನ ಮದುವೆಯ ಮಾತು ನಡೆದಿತ್ತು. ತಂದೆಯವರು ಪತ್ರ ಕೊಡಲಿಲ್ಲ. ಸಹಕಾರ ಸಂಘದಲ್ಲಿ ಸಾಲ ತೆಗೆದು ಸ್ಕೂಟರು ತಂದರು. ತಾಯಿಯವರು ಆ ವಿಷಯವಾಗಿ ಬಹಳ ದಿನ ಅವರೊಡನೆ ಸರಿಯಾಗಿ ಮಾತನಾಡಲಿಲ್ಲ.

"ಬಹಳ ವರ್ಷ ಓಡಿಸಿದರೇನು?" ಎಂದು ರೈತರು ಕೇಳಿದರು. ತಂದೆಯವರು ಸ್ಕೂಟರಿನಲ್ಲಿ ಶಾಲೆಗೆ ಹೋದದ್ದು ಎರಡು ವರ್ಷ, 1988ರಲ್ಲಿ ನಿವೃತ್ತರಾದರು. ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚಹಾ ಮುಗಿಸಿ, ಮೂರನೆಯ ಭಾವಕ್ಕೇ ಗಾಡಿ ತರುವುದೆಂದು ಹೇಳಿ ಎದ್ದರು.